ಶಾಲೆಗೆ ಹೋಗುವ ಮಕ್ಕಳ ಬುತ್ತಿ: ಬಳ್ಳಾರಿ ಸೀಮೆಯಲ್ಲಿ ನಾವು ಕಂಡದ್ದು, ಕಲಿತದ್ದು



ಬೋರ್ಡೋ ದ್ರಾವಣ, ಕೊಳೆರೋಗ, ಕಾಂಡಕೊರಕ, ಮಾರುಕಟ್ಟೆ ಧಾರಣೆ ಇವಿಷ್ಟೇ ಈ ವಾರ್ತಾಪತ್ರದಲ್ಲಿ ತಮಗೆ ಸಾಮಾನ್ಯವಾಗಿ ಕಾಣಸಿಗುವ ವಿಷಯಗಳು. ಈ ಸಲ ನಾವು ಮಕ್ಕಳ ತಿಂಡಿ ಡಬ್ಬಿಯ ಬಗ್ಗೆ ಬರೆಯಲು ಹೊರಟಿದ್ದೇವೆ. ಕಾರ್ಯದರ್ಶಿಗಳಿಗೆ ಅಡುಗೆಮನೆಯಲ್ಲಿ ಏನು ಕೆಲಸ ಎಂದು ಕೆಲವರು ನಗಬಹುದು. ನಗಲಿ. ಗಿಡಕ್ಕೆ ಯಾವ ತಿಂಗಳಲ್ಲಿ ಎಷ್ಟು ಗೊಬ್ಬರ ಎಂದು ಲೆಕ್ಕವಿಡುವ ನಾವು, ಮನೆಯ ಮಗು ಬೆಳಗಿನ ಎಂಟು ಗಂಟೆಯಿಂದ ಸಂಜೆ ನಾಲ್ಕರವರೆಗೆ ಏನು ತಿಂದಿತು ಎಂದು ಎಷ್ಟು ದಿನ ಕೇಳಿದ್ದೇವೆ? ಕೇಳಿರಲಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡು ಮುಂದುವರಿಯುತ್ತೇವೆ.

ಕಳೆದ ಕುಯಿಲು ಮುಗಿದ ಮೇಲೆ, ಫೆಬ್ರವರಿ ಕೊನೆಯಲ್ಲಿ, ನಾವು ಬಳ್ಳಾರಿಗೆ ಹೋಗಿದ್ದೆವು. ಎರಡು ಕೆಲಸಗಳಿದ್ದವು. ನಮ್ಮ ಮಗಳನ್ನು ಕೊಟ್ಟಿರುವುದು ಬಳ್ಳಾರಿ ನಗರಕ್ಕೆ; ಮೊಮ್ಮಗನನ್ನು ನೋಡಿ ಒಂದು ವರ್ಷವಾಗಿತ್ತು. ಇನ್ನು ಪ್ರತಿ ವರ್ಷ ನಮ್ಮ ಕಡೆಯ ತೋಟಗಳಿಗೆ ಕಾಫಿ ಕುಯಿಲಿಗೆ ಬರುವ ಕುಟುಂಬಗಳಲ್ಲಿ ಹಲವು ಕುರುಗೋಡು, ಸಿರುಗುಪ್ಪ ಕಡೆಯವು. ಅವರ ಮೇಸ್ತ್ರಿಯೊಂದಿಗೆ ಮುಂಗಡದ ಲೆಕ್ಕ ಮುಗಿಸಿ, ಮುಂದಿನ ವರ್ಷದ ಮಾತನ್ನೂ ಆಡಿಕೊಂಡು ಬರಬೇಕಿತ್ತು. ಹೋದದ್ದು ಲೆಕ್ಕಕ್ಕೆ, ಬರುವಾಗ ತಂದದ್ದು ಬುತ್ತಿಯ ಪಾಠ.

ಮುಚ್ಚಳ ತೆರೆಯದ ಡಬ್ಬಿ

ಮೊಮ್ಮಗನಿಗೆ ಏಳು ವರ್ಷ, ಎರಡನೆಯ ತರಗತಿ. ನಾವು ಹೋದ ದಿನ ಸಂಜೆ ಅವನ ಚೀಲದಿಂದ ತಿಂಡಿ ಡಬ್ಬಿ ಹೊರಬಂತು. ಬೆಳಿಗ್ಗೆ ಹಾಕಿದ ಚಪಾತಿ ಹಾಗೇ ಇತ್ತು. ಇದು ವಾರದಲ್ಲಿ ಮೂರು ದಿನದ ಕಥೆ ಎಂದು ಮಗಳು ಬೇಸರಪಟ್ಟಳು. ಕ್ರೀಮ್ ಬಿಸ್ಕತ್ತಿನ ಪೊಟ್ಟಣ ಅಥವಾ ಚಿಪ್ಸ್ ಹಾಕಿದರೆ ಮಾತ್ರ ಖಾಲಿಯಾಗಿ ಬರುತ್ತದಂತೆ. ಹುಡುಗನ ಮುಖ ಬಿಳಿಚಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು. ವೈದ್ಯರಲ್ಲಿಗೆ ಕರೆದೊಯ್ದು ರಕ್ತಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 10.2 ಬಂತು. ಆ ವಯಸ್ಸಿಗೆ 11.5ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ.

ಇದು ನಮ್ಮೊಬ್ಬರ ಮನೆಯ ಸಂಗತಿಯಲ್ಲ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 65.5ರಷ್ಟು ಮಂದಿಗೆ ರಕ್ತಹೀನತೆ ಇದೆಯೆಂದು ಕಂಡುಬಂತು. ಮೂವರಲ್ಲಿ ಇಬ್ಬರು. ಇವೇ ಮಕ್ಕಳು ಮುಂದೆ ಚೀಲ ಹೊತ್ತು ಶಾಲೆಗೆ ಹೋಗುವವರು. ಉಳ್ಳವರ ಮನೆ, ಇಲ್ಲದವರ ಮನೆ ಎಂಬ ಭೇದ ಇದರಲ್ಲಿ ನಾವೆಣಿಸಿದಷ್ಟು ಇಲ್ಲ.

ವೈದ್ಯರು ಕಬ್ಬಿಣದ ಔಷಧಿ ಮತ್ತು ಜಂತುಹುಳದ ಮಾತ್ರೆ ಬರೆದುಕೊಟ್ಟು, ನಂತರ ಊಟದ ವಿವರ ಕೇಳಿದರು. ನಾವು ಹೊರಗೆ ಬಂದು ಹುಡುಗನನ್ನು ಪಕ್ಕಕ್ಕೆ ಕೂರಿಸಿಕೊಂಡು, ಚಪಾತಿ ಯಾಕೆ ತಿನ್ನಲಿಲ್ಲವೋ ಎಂದೆವು. "ಡಬ್ಬಿ ಬಿಚ್ಚಾಕ ಬರಂಗಿಲ್ಲ ತಾತ" ಎಂದ. ಸ್ಟೀಲ್ ಡಬ್ಬಿ, ಎರಡು ಬದಿಗೆ ಬಿಗಿಯಾದ ಕೊಂಡಿ. ಬಿಡುವು ಇರುವುದು ಹತ್ತು ಹದಿನೈದು ನಿಮಿಷ. ಕೇಳಲು ನಾಚಿಕೆ. ಡಬ್ಬಿಯನ್ನು ಹಾಗೇ ಚೀಲಕ್ಕೆ ಹಾಕಿಕೊಂಡು ಆಟಕ್ಕೆ ಓಡುತ್ತಿದ್ದ. ಬಿಸ್ಕತ್ತಿನ ಪೊಟ್ಟಣವಾದರೆ ಹಲ್ಲಿನಿಂದ ಕಚ್ಚಿ ಹರಿಯಬಹುದು. ಆ ಡಬ್ಬಿಯನ್ನು ಹುಟ್ಟುಹಬ್ಬಕ್ಕೆ ಕಳುಹಿಸಿದವರು ಬೇರೆ ಯಾರೂ ಅಲ್ಲ, ನಾವೇ.

ಆದ್ದರಿಂದ ಮೊದಲನೆಯ ಪಾಠ: ಡಬ್ಬಿಯೊಳಗೆ ಏನು ಎಂಬುದಕ್ಕಿಂತ ಮೊದಲು, ಮಗು ಅದನ್ನು ತಾನೇ ತೆರೆಯಬಲ್ಲದೇ, ಹತ್ತು ನಿಮಿಷದಲ್ಲಿ ಕೈ ಮೈ ಅಂಟು ಮಾಡಿಕೊಳ್ಳದೆ ತಿನ್ನಬಲ್ಲದೇ ಎಂದು ಮನೆಯಲ್ಲೇ ಒಮ್ಮೆ ಪರೀಕ್ಷಿಸಿ ನೋಡಬೇಕು.

ನಮ್ಮ ಕಾಫಿಯ ಮೇಲೆ ನಾವೇ ಹೇಳುವ ಮಾತು

ಎರಡನೆಯ ತಪ್ಪೂ ನಮ್ಮ ಕಡೆಯದೇ. ಪ್ರತಿ ಎರಡು ತಿಂಗಳಿಗೊಮ್ಮೆ ನಾವು ನಮ್ಮ ತೋಟದ ಕಾಫಿ ಪುಡಿಯನ್ನು ಹೆಮ್ಮೆಯಿಂದ ಬಳ್ಳಾರಿಗೆ ಕಳುಹಿಸುತ್ತೇವೆ. ಹುಡುಗ ಬೆಳಿಗ್ಗೆ ತಿಂಡಿಯ ಜೊತೆ ಒಂದು ಲೋಟ, ಶಾಲೆಯಿಂದ ಬಂದ ಮೇಲೆ ಇನ್ನೊಂದು ಲೋಟ ಹಾಲು ಬೆರೆಸಿದ ಕಾಫಿ ಕುಡಿಯುತ್ತಿದ್ದ. ಕಾಫಿ ಬೆಳೆಗಾರರ ಮೊಮ್ಮಗ ಕಾಫಿ ಕುಡಿಯದಿದ್ದರೆ ಹೇಗೆ ಎಂದು ನಾವೇ ನಗೆಯಾಡಿದ್ದುಂಟು.

ಕಾಫಿ, ಚಹಾಗಳಲ್ಲಿರುವ ಕೆಲವು ಒಗರು ಪದಾರ್ಥಗಳು ಧಾನ್ಯ, ಕಾಳುಗಳಲ್ಲಿನ ಕಬ್ಬಿಣವನ್ನು ಹಿಡಿದಿಟ್ಟು, ಅದು ಮೈಗೆ ಹತ್ತದಂತೆ ಮಾಡುತ್ತವೆ. 1983ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಊಟದ ಜೊತೆ ಒಂದು ಬಟ್ಟಲು ಕಾಫಿ ಕುಡಿದರೆ ಕಬ್ಬಿಣ ಹೀರಿಕೆ ಶೇಕಡಾ 39ರಷ್ಟು, ಚಹಾ ಕುಡಿದರೆ ಶೇಕಡಾ 64ರಷ್ಟು ಇಳಿಯಿತು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದರೆ ತೊಂದರೆಯಾಗಲಿಲ್ಲ. ಊಟವಾಗಿ ಒಂದು ಗಂಟೆಯ ನಂತರ ಕುಡಿದರೆ ಜೊತೆಯಲ್ಲೇ ಕುಡಿದಷ್ಟೇ ಹಾನಿ. ಅದು ದೊಡ್ಡವರ ಮೇಲೆ ಮಾಡಿದ ಪ್ರಯೋಗ. ಆದರೆ ಕಬ್ಬಿಣದ ಕೊರತೆಯಿರುವ ಮಗುವಿಗೆ ಇದಕ್ಕಿಂತ ಬೇರೆ ಎಚ್ಚರಿಕೆ ಬೇಕಿಲ್ಲ. ಕಾಫಿ ಬೆಳೆದು ಬದುಕುವ ನಾವು ಹೇಳುತ್ತಿದ್ದೇವೆ: ಕಾಫಿ ದೊಡ್ಡವರ ಪಾನೀಯ. ಚಿಕ್ಕ ಮಕ್ಕಳಿಗೆ ಹಾಲು ಸಾಕು.

ಅಡಿಕೆಯ ವಿಷಯದಲ್ಲೂ ಒಂದು ಮಾತು. ಶಾಲೆಗಳ ಆಸುಪಾಸಿನ ಗೂಡಂಗಡಿಗಳಲ್ಲಿ ಸಿಹಿ ಸುಪಾರಿ ಪೊಟ್ಟಣಗಳು ಮಿಠಾಯಿಯ ಜೊತೆ ತೂಗಾಡುತ್ತಿರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಆ ತೀರ್ಮಾನದ ಮೇಲೆ ಬೆಳೆಗಾರರಾದ ನಮ್ಮ ವಾದ ಏನೇ ಇರಲಿ, ಹತ್ತು ವರ್ಷದ ಮಗುವಿನ ಬಾಯಿಗೆ ಸುಪಾರಿ ಬೇಡ ಎಂಬುದರಲ್ಲಿ ನಮ್ಮಲ್ಲಿ ಎರಡು ಮಾತು ಇರಬಾರದು.

ಬಳ್ಳಾರಿ: ಮಂಡಕ್ಕಿಯ ಲೆಕ್ಕ

ಬಳ್ಳಾರಿ ನಗರದಲ್ಲಿ ಬೆಳಿಗ್ಗೆ ಯಾವ ಬೀದಿಗೆ ಹೋದರೂ ಒಗ್ಗರಣೆ ಮಂಡಕ್ಕಿಯ ವಾಸನೆ. ಅಲ್ಲಿಯವರ ಬಾಯಲ್ಲಿ ಅದು ಒಗ್ಗಾಣಿ, ಜೊತೆಗೆ ಮಿರ್ಚಿ. ಇಷ್ಟು ಹಗುರವಾದ, ಮಕ್ಕಳು ಇಷ್ಟಪಟ್ಟು ತಿನ್ನುವ ತಿಂಡಿ ಊರಲ್ಲೇ ಇರುವಾಗ ಬಿಸ್ಕತ್ತು ಯಾಕೆ ಎಂದು ನಾವು ಮಗಳನ್ನು ಕೇಳಿದೆವು. "ಮಂಡಕ್ಕಿ ಹಾಕಿದ್ರ ಒಂದು ತಾಸಿಗೆ ಮತ್ತೆ ಹಸಿವು ಅಂತಾನ" ಎಂದಳು. ಅವಳ ಮಾತೂ ಸರಿಯೇ. ಡಬ್ಬಿ ತುಂಬ ಮಂಡಕ್ಕಿ ಹಾಕಿದರೂ ತೂಗಿ ನೋಡಿದರೆ 25 ಗ್ರಾಂ ದಾಟುವುದಿಲ್ಲ. ಅದರಲ್ಲಿ ಇರುವುದು ಸುಮಾರು 80 ಕ್ಯಾಲೊರಿ, ಎರಡು ಗ್ರಾಂಗೂ ಕಡಿಮೆ ಪ್ರೋಟೀನು. ಡಬ್ಬಿ ತುಂಬುತ್ತದೆ, ಹೊಟ್ಟೆ ತುಂಬುವುದಿಲ್ಲ.

ಅದೇ ಮಂಡಕ್ಕಿಗೆ ಹುರಿದ ಶೇಂಗಾ 20 ಗ್ರಾಂ, ಅಂದರೆ ಮಗುವಿನ ಒಂದು ಹಿಡಿ, ಮತ್ತು ಪುಟಾಣಿ ಪುಡಿ ಎರಡು ಚಮಚ ಸೇರಿಸಿ ನೋಡಿ. ಒಟ್ಟು 220ರಿಂದ 230 ಕ್ಯಾಲೊರಿ, ಸುಮಾರು ಒಂಬತ್ತು ಗ್ರಾಂ ಪ್ರೋಟೀನು ಆಗುತ್ತದೆ. ಒಂದು ಕೋಳಿಮೊಟ್ಟೆಯಲ್ಲಿ ಇರುವುದು ಸುಮಾರು ಆರು ಗ್ರಾಂ ಎಂಬುದನ್ನು ನೆನಪಿಡಿ. ಮೇಲೆ ಅರ್ಧ ನಿಂಬೆಹಣ್ಣು ಹಿಂಡಿದರೆ ರುಚಿಯೂ ಆಯಿತು, ನಿಂಬೆಯ ಸಿ ಜೀವಸತ್ವದಿಂದ ಕಾಳಿನಲ್ಲಿರುವ ಕಬ್ಬಿಣವು ಮೈಗೆ ಹತ್ತಲು ಸಹಾಯವೂ ಆಯಿತು. ಕಾಫಿ ಮುಚ್ಚುವ ಬಾಗಿಲನ್ನು ನಿಂಬೆ ತೆರೆಯುತ್ತದೆ ಎಂದು ತಿಳಿದುಕೊಂಡರಾಯಿತು. ಒಂದೇ ನಿಯಮ: ನೆನೆಸಿ ಹಿಂಡಿದ ಮಂಡಕ್ಕಿ ಡಬ್ಬಿಯಲ್ಲಿ ಮುದ್ದೆಯಾಗುತ್ತದೆ. ಶಾಲೆಗೆ ಕಳುಹಿಸುವಾಗ ನೀರು ಚಿಮುಕಿಸಿದಷ್ಟೇ ಮಾಡಿ, ಈರುಳ್ಳಿಯನ್ನು ಹಸಿಯಾಗಿ ಹಾಕದೆ ಬಾಡಿಸಿ ಹಾಕಬೇಕು.

ಕುರುಗೋಡು: ಶೇಂಗಾ ಮತ್ತು ರೊಟ್ಟಿ

ಬಳ್ಳಾರಿಯಿಂದ ನಾವು ಕುರುಗೋಡಿಗೆ ಹೋದೆವು. ಗುಡ್ಡಗಳ ನಡುವಿನ ಹಳೆಯ ಊರು. ದೊಡ್ಡಬಸವೇಶ್ವರ ದೇವಸ್ಥಾನದ ಬೃಹತ್ ನಂದಿಯನ್ನು ನೋಡದೆ ಯಾರೂ ಹಿಂತಿರುಗುವುದಿಲ್ಲ. ನಾವೂ ನೋಡಿ, ಮೇಸ್ತ್ರಿಯ ಮನೆಗೆ ಹೋದೆವು. ಅವರ ಮನೆಯ ಇಬ್ಬರು ಮಕ್ಕಳು ಶಾಲೆಗೆ ಹೊರಟಿದ್ದರು. ತಾಯಿ ಒಂದೊಂದು ಜೋಳದ ರೊಟ್ಟಿಗೆ ಶೇಂಗಾ ಚಟ್ನಿಪುಡಿ ಉದುರಿಸಿ, ಎರಡು ತೊಟ್ಟು ಎಣ್ಣೆ ಹಾಕಿ, ಸುರುಳಿ ಸುತ್ತಿ ಕೈಗೆ ಕೊಟ್ಟಳು. ಒಂದನ್ನು ನಡೆಯುತ್ತಲೇ ತಿಂದರು, ಇನ್ನೊಂದು ಚೀಲಕ್ಕೆ ಹೋಯಿತು. ಒಟ್ಟು ಎರಡು ನಿಮಿಷದ ಕೆಲಸ.

ನಾವು ನೆಲಗಡಲೆ ಎನ್ನುವುದೇ ಅವರ ಶೇಂಗಾ. 100 ಗ್ರಾಂ ಶೇಂಗಾದಲ್ಲಿ ಸುಮಾರು 24 ಗ್ರಾಂ ಪ್ರೋಟೀನು, 40 ಗ್ರಾಂ ಎಣ್ಣೆಯಂಶ. ಜೋಳದಲ್ಲಿ ಪ್ರೋಟೀನು ಶೇಕಡಾ ಹತ್ತರಷ್ಟು. ಆ ಮನೆಯಲ್ಲಿ ಗುರೆಳ್ಳು ಚಟ್ನಿಪುಡಿಯೂ ಇತ್ತು, ಅಗಸಿಯದ್ದೂ ಇತ್ತು. ಬಿಸಿಲ ಸೀಮೆಯ ಬುದ್ಧಿವಂತಿಕೆ ಇದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ನೀರಿನ ಪಸೆಯಿರುವ ತಿಂಡಿ ಬೇಗ ಹಳಸುತ್ತದೆ. ಅದಕ್ಕೇ ಅಲ್ಲಿಯ ಹಳೆಯ ಬುತ್ತಿಯಲ್ಲಿ ಒಣ ಪುಡಿ ಮತ್ತು ತಿಂಗಳಿಟ್ಟರೂ ಕೆಡದ ಕಡಕ್ ರೊಟ್ಟಿ. ನಮ್ಮ ಮಲೆನಾಡಿನ ತೇವದಲ್ಲಿ ಅದೇ ರೊಟ್ಟಿ ಎರಡು ದಿನದಲ್ಲಿ ಮೆತ್ತಗಾಗುತ್ತದೆ. ಗಾಳಿಯಾಡದ ತಗಡಿನ ಡಬ್ಬಿಯಲ್ಲಿ ಇಡಬೇಕು.

ತಣ್ಣಗಾದ ಜೋಳದ ರೊಟ್ಟಿ ಗಟ್ಟಿಯಾಗುತ್ತದೆ, ನಮ್ಮ ಮಕ್ಕಳಿಗೆ ರೂಢಿಯಿಲ್ಲ ಎನ್ನುವವರು ಜೋಳದ ಹಿಟ್ಟಿಗೆ ಕಾಲು ಭಾಗ ಗೋಧಿ ಹಿಟ್ಟು ಬೆರೆಸಿ, ಬಿಸಿನೀರಿನಲ್ಲಿ ಕಲಸಿ, ಚಪಾತಿಯಂತೆ ಲಟ್ಟಿಸಿದರೆ ಮಧ್ಯಾಹ್ನದವರೆಗೆ ಮೆದುವಾಗಿರುತ್ತದೆ. ನಮ್ಮ ಮಗಳು ಈಗ ಹೀಗೇ ಮಾಡುತ್ತಾಳೆ.

ಶೇಂಗಾ ಉಂಡೆಯನ್ನೂ ಆ ಮನೆಯಲ್ಲೇ ಕಲಿತೆವು. ಕಾಲು ಕಿಲೋ ಶೇಂಗಾವನ್ನು ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ಉಜ್ಜಿ ತೆಗೆದು, 150 ಗ್ರಾಂ ಬೆಲ್ಲದ ಜೊತೆ ಕುಟ್ಟಿ, ಬಿಸಿಯಿರುವಾಗಲೇ ಉಂಡೆ ಕಟ್ಟುವುದು. ಪಾಕ ಬೇಡ, ಶೇಂಗಾದ ಎಣ್ಣೆಯೇ ಹಿಡಿದಿಡುತ್ತದೆ. ನಮ್ಮ ತೋಟದ ಎರಡು ಏಲಕ್ಕಿ ಸೇರಿಸಿದರೆ ನಮ್ಮದೂ ಪಾಲು. ಹದಿನಾರು ಉಂಡೆ ಆಗುತ್ತದೆ. ಒಂದೊಂದರಲ್ಲಿ ಸುಮಾರು 120 ಕ್ಯಾಲೊರಿ, ನಾಲ್ಕು ಗ್ರಾಂನಷ್ಟು ಪ್ರೋಟೀನು. ಆದರೆ ಬೆಲ್ಲವೂ ಸಕ್ಕರೆಯ ಜಾತಿಯೇ. ಅದರಲ್ಲಿ ಕಬ್ಬಿಣವಿದೆ ಎಂಬ ಸಮಾಧಾನದಲ್ಲಿ ದಿನಕ್ಕೆ ನಾಲ್ಕು ಉಂಡೆ ಕೊಡಬಾರದು. ಒಂದು ಸಾಕು, ತಿಂದ ಮೇಲೆ ಬಾಯಿ ಮುಕ್ಕಳಿಸಬೇಕು.

ಸಿರುಗುಪ್ಪ: ಅನ್ನದ ಡಬ್ಬಿ, ಮತ್ತು ಒಂದು ಮಾತು

ತುಂಗಭದ್ರೆಯ ನೀರು ಬಂದ ಮೇಲೆ ಸಿರುಗುಪ್ಪದ ಕಪ್ಪು ನೆಲದಲ್ಲಿ ಭತ್ತ ತುಂಬಿತು. ಅಕ್ಕಿ ಗಿರಣಿಗಳ ಊರು ಅದು. ಹೀಗಾಗಿ ಕುರುಗೋಡಿನಲ್ಲಿ ರೊಟ್ಟಿ ಕಂಡ ನಮಗೆ ಸಿರುಗುಪ್ಪದಲ್ಲಿ ಡಬ್ಬಿಯಲ್ಲೆಲ್ಲ ಅನ್ನ ಕಂಡಿತು: ಚಿತ್ರಾನ್ನ, ಪುಳಿಯೋಗರೆ, ಟೊಮೆಟೊ ಅನ್ನ. ತಪ್ಪಲ್ಲ. ನಮ್ಮ ಮನೆಗಳಲ್ಲೂ ಇದೇ. ಆದರೆ ಪಾಲಿಶ್ ಮಾಡಿದ ಅಕ್ಕಿಯ ಅನ್ನ ಮಾತ್ರ ಇದ್ದರೆ ಅದೂ ಮಂಡಕ್ಕಿಯ ಕಥೆಯೇ. ಒಗ್ಗರಣೆಗೆ ಒಂದು ಹಿಡಿ ಶೇಂಗಾ, ನೆನೆಸಿ ಬೇಯಿಸಿದ ಕಡಲೆ ಅಥವಾ ಅಲಸಂದೆ, ಒಂದಿಷ್ಟು ನುಗ್ಗೆಸೊಪ್ಪು ಬಿದ್ದರೆ ಅದು ಬುತ್ತಿಯಾಗುತ್ತದೆ.

ಅನ್ನದ ಡಬ್ಬಿಗೆ ಇನ್ನೊಂದು ಎಚ್ಚರಿಕೆ ಉಂಟು. ಅಕ್ಕಿಯಲ್ಲಿರುವ ಒಂದು ಜಾತಿಯ ಸೂಕ್ಷ್ಮಾಣುವಿನ ಬೀಜ ಬೇಯಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಗಂಟೆಗಟ್ಟಲೆ ಕುಳಿತರೆ ಅದು ಮೊಳೆತು ವಿಷ ಬಿಡುತ್ತದೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಆದ್ದರಿಂದ ಅಡುಗೆಮನೆಯಲ್ಲಿ ರಾತ್ರಿಯಿಡೀ ಇದ್ದ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕಿ ಕಳುಹಿಸಬಾರದು. ಬೆಳಿಗ್ಗೆ ಮಾಡಿದ ಅನ್ನವನ್ನು ತಟ್ಟೆಯಲ್ಲಿ ಹರಡಿ, ಹಬೆ ಹೋದ ಮೇಲೆ ಹುಳಿ ಬೆರೆಸಿ ಡಬ್ಬಿಗೆ ಹಾಕಬೇಕು. ಬೇಸಿಗೆಯಲ್ಲಿ ಹಸಿ ಕೊಬ್ಬರಿಯ ಚಟ್ನಿ ಬೇಡ.

ಸಿರುಗುಪ್ಪದ ಹತ್ತಿರದ ಒಂದು ಹಳ್ಳಿಯಲ್ಲಿ, ನಮ್ಮ ತೋಟಕ್ಕೇ ಕುಯಿಲಿಗೆ ಬಂದಿದ್ದ ಕುಟುಂಬದ ಮನೆಯ ಮುಂದೆ ಕುಳಿತಿದ್ದೆವು. ಅವರ ಹತ್ತು ವರ್ಷದ ಹುಡುಗಿ ಶಾಲೆಯಿಂದ ಬಂದಳು. ಕುಶಲ ಕೇಳಿ, ಇವತ್ತು ಶಾಲೆಯಲ್ಲಿ ಏನು ಊಟ ಎಂದೆವು. "ಅನ್ನ ಸಾಂಬಾರು, ತತ್ತಿ" ಎಂದಳು. ನಮ್ಮ ಊರಲ್ಲಿ ಇದ್ದಾಗ ಮಧ್ಯಾಹ್ನ ಏನು ತಿನ್ನುತ್ತಿದ್ದೆ ಎಂದು ಕೇಳಿದ್ದಕ್ಕೆ, "ಚಾ, ಬಿಸ್ಕೀಟು. ಅವ್ವ ಬಂದಮ್ಯಾಲ ಅನ್ನ. ಇಲ್ಲಿ ಸಾಲ್ಯಾಗ ಊಟ ಕೊಡ್ತಾರ. ನಿಮ್ಮ ತೋಟದಾಗ ಸಾಲಿ ಇಲ್ಲಲ್ರಿ" ಎಂದಳು.

ನಮ್ಮ ತೋಟದ ಗೇಟಿನಿಂದ ಒಂದೂವರೆ ಕಿಲೋಮೀಟರಿನಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆ ಇದೆ. ಅಲ್ಲೂ ಅದೇ ಊಟ, ಅದೇ ಹಾಲು, ಅದೇ ಮೊಟ್ಟೆ. ಮೂರು ತಿಂಗಳು ಆ ಹುಡುಗಿ ನಮ್ಮ ಲೈನಿನ ಜಗಲಿಯಲ್ಲಿ ತಮ್ಮನನ್ನು ಎತ್ತಿಕೊಂಡು ಕುಳಿತಿದ್ದಳು; ನಾವು ದಿನಕ್ಕೆರಡು ಸಲ ಅದೇ ದಾರಿಯಲ್ಲಿ ಹೋಗಿ ಬಂದೆವು. ಅವಳಿಗೆ ಶಾಲೆ ಇದೆಯೆಂದು ಹೇಳಿದವರಿಲ್ಲ. ಹೇಳಬೇಕಾದವರು ನಾವಾಗಿದ್ದೆವು.

ಬಳ್ಳಾರಿ ಜಿಲ್ಲೆ ಈ ವಿಷಯದಲ್ಲಿ ನಮಗಿಂತ ಹಿರಿದು. ಅಕ್ಷರ ದಾಸೋಹ ಎಂಬ ಬಿಸಿಯೂಟದ ಯೋಜನೆ 2002ರಲ್ಲಿ ಮೊದಲು ಆರಂಭವಾದದ್ದು ಉತ್ತರದ ಏಳು ಜಿಲ್ಲೆಗಳಲ್ಲಿ, ಬಳ್ಳಾರಿ ಅವುಗಳಲ್ಲೊಂದು. ನಂತರವೇ ಅದು ನಮ್ಮ ಕಡೆಗೆ ಬಂತು. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯದ 150 ಮಿಲಿಲೀಟರ್ ಹಾಲು ಸೇರಿತು. ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಡುವ ಪದ್ಧತಿಯೂ 2021ರ ಡಿಸೆಂಬರಿನಲ್ಲಿ ಬಳ್ಳಾರಿ ಸೇರಿದಂತೆ ಏಳು ಜಿಲ್ಲೆಗಳಲ್ಲಿ ಮೊದಲಾಗಿ, ಮುಂದಿನ ಶೈಕ್ಷಣಿಕ ವರ್ಷದಲ್ಲಿ ರಾಜ್ಯಕ್ಕೆಲ್ಲ ಹರಡಿತು. ಪ್ರಾಥಮಿಕ ತರಗತಿಯ ಮಗುವಿಗೆ ಬಿಸಿಯೂಟದಲ್ಲಿ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು ಇರಬೇಕೆಂಬುದು ನಿಯಮ. ಹೀಗೆ ನೋಡಿದರೆ ಕುರುಗೋಡಿನ ಮೇಸ್ತ್ರಿಯ ಮಕ್ಕಳು ರೊಟ್ಟಿ, ಹಾಲು, ಬಿಸಿಯೂಟ, ಮೊಟ್ಟೆ ತಿಂದು ಸಂಜೆ ಮನೆಗೆ ಬರುತ್ತಾರೆ. ಶುಲ್ಕ ಕೊಟ್ಟು ಓದುವ ನಮ್ಮ ಮೊಮ್ಮಗ ಬಿಸ್ಕತ್ತು ತಿಂದು ಬರುತ್ತಿದ್ದ.

ಆರು ದಿನದ ಬುತ್ತಿ

ಬರೀ ಉಪದೇಶದಿಂದ ಡಬ್ಬಿ ತುಂಬುವುದಿಲ್ಲ. ನಮ್ಮ ಮಗಳು ಮತ್ತು ನಮ್ಮ ಮನೆಯವರು ಕೂಡಿ ಮಾಡಿದ ಒಂದು ವಾರದ ಪಟ್ಟಿ ಹೀಗಿದೆ. ತಮ್ಮ ಮನೆಯ ರೂಢಿಗೆ ತಕ್ಕಂತೆ ಬದಲಿಸಿಕೊಳ್ಳಬಹುದು.

ಸೋಮವಾರ: ಜೋಳ-ಗೋಧಿ ರೊಟ್ಟಿಯ ಸುರುಳಿ, ಒಳಗೆ ಶೇಂಗಾ ಅಥವಾ ಹುಚ್ಚೆಳ್ಳು ಚಟ್ನಿಪುಡಿ, ಸ್ವಲ್ಪ ತುಪ್ಪ. ಜೊತೆಗೆ ಒಂದು ಬಾಳೆಹಣ್ಣು.

ಮಂಗಳವಾರ: ಮೊಳಕೆ ಬಂದ ಹೆಸರುಕಾಳನ್ನು ಆವಿಯಲ್ಲಿ ಬೇಯಿಸಿ ಮಾಡಿದ ಉಸಲಿ, ನಿಂಬೆರಸ. ಹಸಿ ಮೊಳಕೆಯನ್ನು ಡಬ್ಬಿಗೆ ಹಾಕಬೇಡಿ, ಬಿಸಿಲಿಗೆ ಕೆಡುತ್ತದೆ.

ಬುಧವಾರ: ಶೇಂಗಾ, ಪುಟಾಣಿ ಹಾಕಿದ ಒಗ್ಗರಣೆ ಮಂಡಕ್ಕಿ. ಜೊತೆಗೆ ಸೀಬೆಹಣ್ಣಿನ ಹೋಳು. ಸೀಬೆಯಲ್ಲಿ ಸಿ ಜೀವಸತ್ವ ಕಿತ್ತಳೆಗಿಂತ ಹಲವು ಪಾಲು ಹೆಚ್ಚು, ಮತ್ತು ನಮ್ಮ ತೋಟಗಳ ಅಂಚಿನಲ್ಲಿ ಅದು ಹಕ್ಕಿಗಳ ಪಾಲಾಗುತ್ತಿದೆ.

ಗುರುವಾರ: ರಾಗಿ ದೋಸೆ ಅಥವಾ ರಾಗಿ ರೊಟ್ಟಿ, ನುಗ್ಗೆಸೊಪ್ಪು ಬೆರೆಸಿ. 100 ಗ್ರಾಂ ರಾಗಿಯಲ್ಲಿ ಸುಣ್ಣದಂಶ 340 ಮಿಲಿಗ್ರಾಂಗೂ ಮೇಲು. ಅಕ್ಕಿಯಲ್ಲಿ ಅದರ ಹತ್ತರಲ್ಲೊಂದು ಪಾಲೂ ಇಲ್ಲ.

ಶುಕ್ರವಾರ: ಬೇಯಿಸಿದ ಕಡಲೆ ಹಾಕಿದ ಚಿತ್ರಾನ್ನ. ಮೊಟ್ಟೆ ತಿನ್ನುವ ಮನೆಗಳಲ್ಲಿ ಸಿಪ್ಪೆ ಸುಲಿಯದ ಒಂದು ಬೇಯಿಸಿದ ಮೊಟ್ಟೆ.

ಶನಿವಾರ: ಬೆಳಗಿನ ಶಾಲೆ, ಅವಸರ ಹೆಚ್ಚು. ಒಂದು ಶೇಂಗಾ ಉಂಡೆ, ಎರಡು ಒಣ ಅಂಜೂರ ಅಥವಾ ಖರ್ಜೂರ. ಬಳ್ಳಾರಿಯ ಹೆಸರಿನಲ್ಲೇ ಒಂದು ಅಂಜೂರದ ತಳಿ ಇದೆ. ಮಲೆನಾಡಿನವರು ಹಲಸಿನ ಬೀಜ ಬೇಯಿಸಿ ಉಪ್ಪು ಹಾಕಿಯೂ ಕಳುಹಿಸಬಹುದು. ನಾವು ಚಿಕ್ಕಂದಿನಲ್ಲಿ ಜೇಬಿನಲ್ಲಿ ಒಯ್ಯುತ್ತಿದ್ದುದು ಅದನ್ನೇ.

ಪ್ರತಿದಿನ ಡಬ್ಬಿಯ ಜೊತೆ ನೀರಿನ ಬಾಟಲಿ ಇರಲಿ. ಡಬ್ಬಿ ಮರಳಿ ಬಂದಾಗ ಗದರಿಸದೆ, ಏನು ಉಳಿಯಿತು, ಯಾಕೆ ಉಳಿಯಿತು ಎಂದು ಕೇಳಿ. ಉತ್ತರ ಎಷ್ಟೋ ಸಲ ಮುಚ್ಚಳದಷ್ಟೇ ಸರಳವಾಗಿರುತ್ತದೆ.

ಮೂರು ಎಚ್ಚರಿಕೆಗಳು

ಒಂದು, ಬೂಷ್ಟು. ಸರಿಯಾಗಿ ಒಣಗದ ಶೇಂಗಾದಲ್ಲಿ ಬೆಳೆಯುವ ಶಿಲೀಂಧ್ರ ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಶೇಂಗಾ ಹಿಂಡಿ ತಿಂದು ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತಾಗ ಜಗತ್ತಿಗೆ ಇದು ತಿಳಿಯಿತು. ಹುರಿದರೆ ಅದು ಪೂರ್ತಿ ಹೋಗುವುದಿಲ್ಲ. ಕಾಫಿಯನ್ನು ಕಣದಲ್ಲಿ ಸರಿಯಾಗಿ ಒಣಗಿಸದಿದ್ದರೆ ಬೂಷ್ಟು ಬರುವುದನ್ನು ಬಲ್ಲ ನಮಗೆ ಇದು ಹೊಸ ಪಾಠವಲ್ಲ. ಸುಕ್ಕುಗಟ್ಟಿದ, ಬಣ್ಣ ಕೆಟ್ಟ, ಕಹಿಯಾದ ಬೀಜವನ್ನು ಆರಿಸಿ ಎಸೆಯಬೇಕು. ಮಳೆಗಾಲಕ್ಕೆಂದು ಮೂಟೆಗಟ್ಟಲೆ ತಂದು ತೇವದಲ್ಲಿ ಇಡಬಾರದು.

ಎರಡು, ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಪುಡಿ ಮಾಡಿ ಕೊಡಿ. ಕೆಲವು ಮಕ್ಕಳಿಗೆ ಶೇಂಗಾ ಒಗ್ಗುವುದಿಲ್ಲ. ತಿಂದೊಡನೆ ತುಟಿ ಊದಿದರೆ, ಉಬ್ಬಸ ಬಂದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ, ಮುಂದೆ ಎಂದೂ ಕೊಡಬೇಡಿ.

ಮೂರು, ಬುತ್ತಿ ಔಷಧಿಯಲ್ಲ. ಮಗು ಬಿಳಿಚಿಕೊಂಡಿದ್ದರೆ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದ ಔಷಧಿಯನ್ನು ಪೂರ್ತಿ ಕೊಡಿಸಬೇಕು. ಒಳ್ಳೆಯ ಬುತ್ತಿ ಮತ್ತೆ ಆ ಸ್ಥಿತಿ ಬರದಂತೆ ತಡೆಯಲು.

ಅಂಗಡಿಯ ತಿಂಡಿಯ ಬಗ್ಗೆ ಕಾನೂನೂ ಇದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮದ ಪ್ರಕಾರ ಕೊಬ್ಬು, ಉಪ್ಪು, ಸಕ್ಕರೆ ಅತಿಯಾಗಿರುವ ತಿನಿಸುಗಳನ್ನು ಶಾಲೆಯೊಳಗೆ ಹಾಗೂ ಶಾಲೆಯ ಗೇಟಿನಿಂದ 50 ಮೀಟರ್‌ವರೆಗೆ ಮಕ್ಕಳಿಗೆ ಮಾರುವಂತಿಲ್ಲ. ಆದರೆ ಆ ತಿನಿಸನ್ನು ನಾವೇ ಡಬ್ಬಿಯಲ್ಲಿ ತುಂಬಿ ಕಳುಹಿಸಿದರೆ ಯಾವ ಕಾನೂನೂ ತಡೆಯಲಾರದು.

ಸದಸ್ಯರಲ್ಲಿ ಎರಡು ವಿನಂತಿ

ಮೊದಲನೆಯದು ಸುಲಭದ್ದು. ಕುರುಗೋಡು ಕಡೆಯ ಬೆಳೆಗಾರರಿಂದ ಚೆನ್ನಾಗಿ ಒಣಗಿಸಿದ ಶೇಂಗಾ ಮತ್ತು ಜೋಳವನ್ನು ನೇರವಾಗಿ ತರಿಸಿ, ಸಂಘದ ಮಳಿಗೆಯಲ್ಲಿ ಅಸಲು ಬೆಲೆಗೆ ಕೊಡುವ ಪ್ರಸ್ತಾವನೆಯನ್ನು ಮುಂದಿನ ಆಡಳಿತ ಮಂಡಳಿ ಸಭೆಯ ಮುಂದಿಡುತ್ತೇವೆ. ಎಷ್ಟು ಬೇಕು ಎಂಬುದನ್ನು ಸದಸ್ಯರು ಕಛೇರಿಗೆ ತಿಳಿಸಿದರೆ ಲೆಕ್ಕ ಹಾಕಲು ಅನುಕೂಲ.

ಎರಡನೆಯದು ಮನಸ್ಸು ಮಾಡಬೇಕಾದದ್ದು. ಅಡಿಕೆ ಸುಲಿತ ಮತ್ತು ಕಾಫಿ ಕುಯಿಲಿನ ಕಾಲದಲ್ಲಿ ನಮ್ಮ ಲೈನುಗಳಲ್ಲಿ ಶಾಲಾ ವಯಸ್ಸಿನ ಮಕ್ಕಳು ಎಷ್ಟಿದ್ದಾರೆ ಎಂದು ಪ್ರತಿಯೊಬ್ಬರೂ ಒಮ್ಮೆ ಎಣಿಸಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಆರರಿಂದ ಹದಿನಾಲ್ಕು ವರ್ಷದ ಯಾವ ಮಗುವಿಗೂ ವರ್ಷದ ನಡುವೆ ಬಂದಿತೆಂದಾಗಲಿ, ವರ್ಗಾವಣೆ ಪತ್ರ ಇಲ್ಲವೆಂದಾಗಲಿ ಹತ್ತಿರದ ಶಾಲೆಯಲ್ಲಿ ಪ್ರವೇಶ ನಿರಾಕರಿಸುವಂತಿಲ್ಲ. ಚಿಕ್ಕ ತಮ್ಮ ತಂಗಿಯರಿಗೆ ಅಂಗನವಾಡಿ ಇದೆ. ಆಗುವ ಕೆಲಸವೆಂದರೆ ಮುಖ್ಯೋಪಾಧ್ಯಾಯರ ಬಳಿ ಒಂದು ಮಾತು, ಬೆಳಿಗ್ಗೆ ಸಂಜೆ ಜೀಪಿನಲ್ಲಿ ಒಂದು ಸುತ್ತು, ಕೈಗೆ ಒಂದು ಶೇಂಗಾ ಉಂಡೆ. ಅವರ ತಂದೆ ತಾಯಿ ನಮ್ಮ ಗಿಡದ ಹಣ್ಣನ್ನು ಒಂದೂ ನೆಲಕ್ಕೆ ಬೀಳದಂತೆ ಕುಯ್ದು ಕೊಡುತ್ತಾರೆ. ನಾವು ಅವರ ಮಕ್ಕಳಿಗೆ ಇಷ್ಟು ಮಾಡಬಹುದು. ಬರುವ ಕುಯಿಲಿಗೆ ನಮ್ಮ ತೋಟದಲ್ಲಿ ಇದನ್ನು ಆರಂಭಿಸುತ್ತೇವೆ. ಆ ಹುಡುಗಿಗೆ ಮಾತು ಕೊಟ್ಟು ಬಂದಿದ್ದೇವೆ.

ಮೊಮ್ಮಗನ ಸುದ್ದಿ ತಿಳಿಸಿ ಮುಗಿಸುತ್ತೇವೆ. ಕೊಂಡಿಯ ಡಬ್ಬಿ ಈಗ ಅಡುಗೆಮನೆಯಲ್ಲಿ ಬೆಲ್ಲ ಇಡಲು ಉಪಯೋಗವಾಗುತ್ತಿದೆ. ಕಾಫಿ ನಿಂತಿದೆ, ಔಷಧಿ ನಡೆದಿದೆ. ಮೂರು ತಿಂಗಳ ನಂತರದ ಪರೀಕ್ಷೆಯಲ್ಲಿ 11.6 ಬಂತೆಂದು ಮಗಳು ಫೋನು ಮಾಡಿದಳು. ಡಬ್ಬಿ ಖಾಲಿಯಾಗಿ ಬರುತ್ತಿದೆಯಂತೆ; ಶೇಂಗಾ ಉಂಡೆಯನ್ನು ಮಾತ್ರ ಗೆಳೆಯನಿಗೂ ಒಂದು ಹಾಕಿಕೊಡು ಎನ್ನುತ್ತಾನಂತೆ. ಎರಡು ಹಾಕು ಎಂದಿದ್ದೇವೆ.

ಸದಸ್ಯರ ಮನೆಗಳಲ್ಲಿ ರೂಢಿಯಲ್ಲಿರುವ, ಮಕ್ಕಳು ಖಾಲಿ ಮಾಡಿ ತರುವ ಬುತ್ತಿಯ ಬಗೆಗಳಿದ್ದರೆ ಮಹಿಳಾ ಸದಸ್ಯರು ದಯವಿಟ್ಟು ಬರೆದು ಕಳುಹಿಸಬೇಕು. ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.

— ಕಾರ್ಯದರ್ಶಿ